ಮೀಡಿಯಂ ವೇವ್ ಹಾಡುತ್ತದೆ, ಶಾರ್ಟ್ ವೇವ್ ಉಸಿರೆತ್ತುವುದಿಲ್ಲ: ವಾಲ್ವ್ ರೇಡಿಯೋದಲ್ಲಿ ದೋಷ ಹುಡುಕುವ ಕ್ರಮ

ಅಟ್ಟದಿಂದ ಇಳಿಸಿದ ವಾಲ್ವ್ ರೇಡಿಯೋಕ್ಕೆ ಹೊಸ ಫಿಲ್ಟರ್ ಕಂಡೆನ್ಸರ್ ಹಾಕಿದ್ದೀರಿ, ಗುಂಯ್‌ಗುಡುವ ಹಮ್ ಹೋಗಿದೆ. ಮೀಡಿಯಂ ವೇವ್‌ನಲ್ಲಿ ಬೆಂಗಳೂರಿನ 612, ಧಾರವಾಡದ 765, ಭದ್ರಾವತಿಯ 675 ಕಿಲೋಹರ್ಟ್ಸ್ ಪೈಕಿ ನಿಮ್ಮೂರಿಗೆ ಸಿಗುವುದು ತುಂಬು ದನಿಯಲ್ಲಿ ಬರುತ್ತಿದೆ. ಆದರೆ ಬ್ಯಾಂಡ್ ಸ್ವಿಚ್ಚನ್ನು ಶಾರ್ಟ್ ವೇವ್‌ಗೆ ತಿರುಗಿಸಿದರೆ ಏನೂ ಇಲ್ಲ. ಬರೀ ಸುಂಯ್ ಎನ್ನುವ ಸದ್ದು, ಅಥವಾ ಡಯಲ್‌ನ ಒಂದು ತುದಿಯಲ್ಲಿ ಎರಡು ಸ್ಟೇಷನ್ ಬಂದು ಉಳಿದ ಕಡೆ ಮೌನ.

ಹಳೆಯ ಸೆಟ್ಟುಗಳಲ್ಲಿ ಬಹಳ ಸಾಮಾನ್ಯವಾದ ದೋಷ ಇದು. ಬಹಳ ಜನ ತಪ್ಪು ಜಾಗದಲ್ಲಿ ಹುಡುಕುವ ದೋಷವೂ ಹೌದು. ಸಿಕ್ಕ ಸ್ಕ್ರೂ ಎಲ್ಲ ತಿರುಗಿಸುತ್ತಾರೆ, ಐ.ಎಫ್. (ಎಲ್ಲ ಸ್ಟೇಷನ್ನುಗಳೂ ಸೆಟ್ಟಿನೊಳಗೆ ಬದಲಾಗಿ ಬರುವ ಒಂದೇ ಮಧ್ಯಂತರ ಫ್ರೀಕ್ವೆನ್ಸಿ) ಕ್ಯಾನುಗಳ ಕೋರ್ ತಿರುಗಿಸುತ್ತಾರೆ, ಕೊನೆಗೆ ಮೀಡಿಯಂ ವೇವ್ ಕೂಡ ಹೋಗುತ್ತದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಮೀಡಿಯಂ ವೇವ್ ಚೆನ್ನಾಗಿದ್ದು ಶಾರ್ಟ್ ವೇವ್ ಮಾತ್ರ ಸತ್ತಿದ್ದರೆ ಆಸಿಲೇಟರನ್ನು (ಸ್ಟೇಷನ್ನನ್ನು ಐ.ಎಫ್.ಗೆ ಬದಲಿಸಲು ಸೆಟ್ಟಿನೊಳಗೇ ಫ್ರೀಕ್ವೆನ್ಸಿ ಹುಟ್ಟಿಸುವ ಭಾಗ) ಅಳೆಯುವವರೆಗೆ ಯಾವ ಸ್ಕ್ರೂವನ್ನೂ ಮುಟ್ಟಬೇಡಿ.

ಕಾರಣ ಸರಳ. ಮೀಡಿಯಂ ವೇವ್ ಹಾಡುತ್ತಿದೆ ಎಂದರೆ ಪವರ್ ಸಪ್ಲೈ, ಔಟ್‌ಪುಟ್ ವಾಲ್ವ್, ಡಿಟೆಕ್ಟರ್, ಐ.ಎಫ್. ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಕೆಲಸ ಮಾಡುತ್ತಿವೆ. ಎರಡು ಬ್ಯಾಂಡಿಗೂ ಅವು ಒಂದೇ. ಶಾರ್ಟ್ ವೇವ್‌ಗೆ ಮಾತ್ರ ಸೇರಿದ್ದು ಎಷ್ಟು? ಬ್ಯಾಂಡ್ ಸ್ವಿಚ್ಚಿನ ಕೆಲವು ಕಾಂಟ್ಯಾಕ್ಟ್, ಒಂದು ಏರಿಯಲ್ ಕಾಯಿಲ್, ಒಂದು ಆಸಿಲೇಟರ್ ಕಾಯಿಲ್, ಅವುಗಳ ಟ್ರಿಮ್ಮರ್ ಮತ್ತು ಪ್ಯಾಡರ್ (ಡಯಲ್ ಸರಿಹೊಂದಿಸುವ ಕಂಡೆನ್ಸರುಗಳು). ಇವುಗಳ ಜೊತೆಗೆ, ಕಡಿಮೆ ಫ್ರೀಕ್ವೆನ್ಸಿಯಲ್ಲಿ ಹೇಗೋ ನಡೆದು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಕೈಕೊಡುವ ಒಂದು ಭಾಗ, ಸ್ಟೇಷನ್ನನ್ನು ಆಸಿಲೇಟರಿನ ಜೊತೆ ಬೆರೆಸುವ ಮಿಕ್ಸರ್ ವಾಲ್ವಿನ ಆಸಿಲೇಟರ್ ಟ್ರಯೋಡ್. ಹುಡುಕಬೇಕಾದ ಜಾಗ ಇಷ್ಟೇ.

ಮುಟ್ಟುವ ಮೊದಲು

ನಮ್ಮಲ್ಲಿ ಮನೆಮನೆಗೂ ಬಂದ ಸೆಟ್ಟುಗಳಲ್ಲಿ ಎರಡು ಜಾತಿ. ಒಂದು, ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಎಸಿ ಸೆಟ್. ಇದರ ವಾಲ್ವುಗಳ ಹೆಸರು ಇಸಿಎಚ್ 81 (ಇದೇ ಮಿಕ್ಸರ್), ಇಬಿಎಫ್ 89, ಇಎಲ್ 84 ಎಂದು ‘ಇ’ಯಿಂದ ಶುರುವಾಗುತ್ತದೆ. ಇನ್ನೊಂದು, ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್. ಇದರಲ್ಲಿ ಯುಸಿಎಚ್ 81, ಯುಎಲ್ 84, ಯುವೈ 85 ಎಂಬ ‘ಯು’ ಸರಣಿಯ ವಾಲ್ವುಗಳ ಹೀಟರ್ ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ ನೇರ ಮೇನ್ಸಿಗೇ ಸೇರಿರುತ್ತವೆ. ಈ ಎರಡನೆಯ ಜಾತಿಯಲ್ಲಿ ಚಾಸಿಯೇ, ಅಂದರೆ ಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟೇ, ಮೇನ್ಸಿನ ಒಂದು ತಂತಿ. ಪ್ಲಗ್ ತಿರುಗಿಸಿ ಚುಚ್ಚಿದರೆ ಚಾಸಿಯ ಮೇಲೆ ಪೂರ್ತಿ 230 ವೋಲ್ಟ್. ನಾಬ್‌ನ ಒಳಗಿರುವ ಸಣ್ಣ ಗ್ರಬ್ ಸ್ಕ್ರೂ ಮುಟ್ಟಿದರೂ ಶಾಕ್ ಹೊಡೆಯುತ್ತದೆ. ಇಂಥ ಸೆಟ್ಟನ್ನು ಹೊರಗೆ ತೆಗೆದು ಕೆಲಸ ಮಾಡುವಾಗ 1:1 ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವ ಯಾವ ಅಂಗಡಿಯವರೂ 100 ವಿಎಯದನ್ನು ಸುತ್ತಿಕೊಡುತ್ತಾರೆ. ಅದಿಲ್ಲದೆ ಎಸಿ/ಡಿಸಿ ಸೆಟ್ಟಿನೊಳಗೆ ಮೀಟರ್ ಇಡಬೇಡಿ. ಅದಕ್ಕೆ ಅರ್ಥ್ ತಂತಿಯನ್ನಂತೂ ಚಾಸಿಗೆ ಕಟ್ಟಲೇಬೇಡಿ.

ಎಸಿ ಸೆಟ್ಟಿನಲ್ಲೂ ಎಚ್.ಟಿ. (ವಾಲ್ವುಗಳ ಆನೋಡಿಗೆ ಕೊಡುವ ಹೆಚ್ಚಿನ ಡಿಸಿ ವೋಲ್ಟೇಜ್) 250 ವೋಲ್ಟಿನ ಆಸುಪಾಸು ಇರುತ್ತದೆ. ಆಫ್ ಮಾಡಿದ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ ಅದು ಉಳಿದಿರಬಹುದು. 5 ವಾಟ್‌ನ 4.7 ಕಿಲೋ ಓಮ್ ರೆಸಿಸ್ಟರಿಗೆ ಇನ್ಸುಲೇಟ್ ಮಾಡಿದ ತಂತಿ ಬೆಸೆದಿಟ್ಟುಕೊಂಡು, ಪ್ರತಿ ಸಲ ಅದರಿಂದ ಡಿಸ್‌ಚಾರ್ಜ್ ಮಾಡಿ, ವೋಲ್ಟೇಜ್ ಸೊನ್ನೆಗೆ ಇಳಿದದ್ದನ್ನು ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಅಳೆಯುವಾಗ ಒಂದು ಕೈ ಬೆನ್ನ ಹಿಂದೆ ಇರಲಿ.

ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ ಬರುವ ಹಳೆಯ ಪೇಪರ್ ಕಂಡೆನ್ಸರನ್ನು ಈ ಹೊತ್ತಿಗಾಗಲೇ ಬದಲಿಸಿದ್ದೀರಿ ಎಂದುಕೊಳ್ಳುತ್ತೇನೆ. ಬದಲಿಸಿಲ್ಲವಾದರೆ ಮೊದಲು ಅದನ್ನು ಮಾಡಿ. ಇಎಲ್ 84ರ 2ನೇ ಪಿನ್‌ನಲ್ಲಿ ಪಾಸಿಟಿವ್ ವೋಲ್ಟೇಜ್ ಕಂಡರೆ ಬಹುಪಾಲು ಆ ಕಂಡೆನ್ಸರ್ ಲೀಕ್ ಆಗುತ್ತಿದೆ ಎಂದು ಅರ್ಥ. ಅದು ಲೀಕ್ ಆದರೆ ಔಟ್‌ಪುಟ್ ವಾಲ್ವ್ ಅತಿಯಾಗಿ ಕರೆಂಟ್ ಎಳೆಯುತ್ತದೆ, ಎಚ್.ಟಿ. ಕುಸಿಯುತ್ತದೆ. ಕುಸಿದ ಎಚ್.ಟಿ.ಯ ಪೆಟ್ಟು ಮೊದಲು ಬೀಳುವುದು ಶಾರ್ಟ್ ವೇವ್ ಮೇಲೆ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಹಳೆಯ ಸೆಟ್ಟನ್ನು ಮೊದಲ ಸಲ ಸೀರೀಸ್ ಬಲ್ಬ್ ಹಾಕಿ ಆನ್ ಮಾಡುವುದು ಒಳ್ಳೆಯ ಪದ್ಧತಿ. 60 ಅಥವಾ 100 ವಾಟ್‌ನ ಫಿಲಮೆಂಟ್ ಬಲ್ಬ್ ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದು ಗೊತ್ತಾಗುತ್ತದೆ. ಆದರೆ ಆ ಬಲ್ಬ್ ಇದ್ದಷ್ಟು ಹೊತ್ತೂ ಸೆಟ್ಟಿಗೆ ಸಿಗುವ ವೋಲ್ಟೇಜ್ ಕಡಿಮೆ. ಹೀಟರೂ ಎಚ್.ಟಿ.ಯೂ ಎರಡೂ ಇಳಿದಿರುತ್ತವೆ. ಆ ಸ್ಥಿತಿಯಲ್ಲಿ ಮೀಡಿಯಂ ವೇವ್ ಹಾಡಬಹುದು, ಶಾರ್ಟ್ ವೇವ್ ಏಳದೆ ಇರಬಹುದು. ಸೆಟ್ ಸುರಕ್ಷಿತ ಎಂದು ಖಾತ್ರಿಯಾದ ಮೇಲೆ ಸೀರೀಸ್ ಬಲ್ಬ್ ತೆಗೆದು ನೇರ ಮೇನ್ಸಿನಲ್ಲಿ ಮತ್ತೊಮ್ಮೆ ನೋಡಿ. ಹಿಂಬದಿಯ ವೋಲ್ಟೇಜ್ ಟ್ಯಾಪಿಂಗನ್ನೂ ಗಮನಿಸಿ. ಟ್ಯಾಪಿಂಗ್ 240ರಲ್ಲಿದ್ದು ನಿಮ್ಮ ಊರಿನಲ್ಲಿ ಸಂಜೆ 190 ಬರುತ್ತಿದ್ದರೆ ಅದೂ ಇದೇ ಕಥೆ. ಸ್ಟೆಬಿಲೈಸರ್ ಮೂಲಕ ಕೊಟ್ಟು ನೋಡಿ.

ದೋಷ ಗಾಳಿಯಲ್ಲೇ ಇರಬಹುದು

ಡಯಲ್ ಮೇಲೆ ದೆಹಲಿ, ಸಿಲೋನ್, ಮಾಸ್ಕೋ ಎಂದು ಅಚ್ಚಾಗಿರುವ ಕಾಲದ ಶಾರ್ಟ್ ವೇವ್ ಈಗಿಲ್ಲ. ಬಿಬಿಸಿ ಹಿಂದಿಯ ಶಾರ್ಟ್ ವೇವ್ ಪ್ರಸಾರ ಕೂಡ 2020ರ ಜನವರಿ ಕೊನೆಗೆ ನಿಂತಿತು. ಮಧ್ಯಾಹ್ನ ಹನ್ನೆರಡಕ್ಕೆ 49 ಮೀಟರ್ ಬ್ಯಾಂಡ್ ತಿರುಗಿಸಿ ಏನೂ ಇಲ್ಲವೆಂದರೆ ಅದು ರೇಡಿಯೋದ ತಪ್ಪಲ್ಲ. ಹಗಲಿನಲ್ಲಿ 19 ಮತ್ತು 16 ಮೀಟರ್, ಸಂಜೆಯಿಂದ 25 ಮತ್ತು 31 ಮೀಟರ್, ಕತ್ತಲಾದ ಮೇಲೆ 41 ಮತ್ತು 49 ಮೀಟರ್, ಹೀಗೆ ಹುಡುಕಬೇಕು. ಸಂಜೆ ಏಳರ ನಂತರ 25 ಮತ್ತು 31 ಮೀಟರುಗಳಲ್ಲಿ ಚೀನಾದ ಪ್ರಸಾರಗಳಾದರೂ ಜೋರಾಗಿ ಸಿಗಬೇಕು. ಹೊತ್ತುಗೊತ್ತು ನೋಡದೆ ಪರೀಕ್ಷಿಸಲು ಇನ್ನೂ ಒಳ್ಳೆಯದೊಂದಿದೆ: ಚೀನಾದ ಬಿಪಿಎಂ ಕೇಂದ್ರ 5, 10 ಮತ್ತು 15 ಮೆಗಾಹರ್ಟ್ಸ್‌ಗಳಲ್ಲಿ ಸೆಕೆಂಡಿಗೊಂದು ಟಿಕ್ ಎಂದು ಸಮಯದ ಸಂಕೇತ ಕಳಿಸುತ್ತದೆ. ಡಯಲ್‌ನ 30 ಮೀಟರ್ ಗೆರೆ ಎಂದರೆ ಸರಿಯಾಗಿ 10 ಮೆಗಾಹರ್ಟ್ಸ್. ಡಯಲ್ ಎಷ್ಟು ಸರಿಯಿದೆ ಎಂದು ನೋಡಲೂ ಈ ಟಿಕ್ ಉಪಯೋಗಕ್ಕೆ ಬರುತ್ತದೆ.

ಈಗಿನ ಮನೆಗಳಲ್ಲಿ ಇನ್ನೊಂದು ಕಾಟ, ಗದ್ದಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್, ವೈಫೈ ಅಡಾಪ್ಟರ್, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಇವೆಲ್ಲ ಶಾರ್ಟ್ ವೇವ್ ತುಂಬ ಗರಗರ ಸದ್ದು ಹರಡುತ್ತವೆ. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಶಾರ್ಟ್ ವೇವ್ ಟ್ರಾನ್ಸಿಸ್ಟರ್ ಇದ್ದರೆ ಅದನ್ನು ಅದೇ ಕೋಣೆಯಲ್ಲಿ ಹಾಕಿ. ಅದರಲ್ಲೂ ಬರೀ ಗರಗರ ಬಂದರೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ಕೇಳಿ. ಸದ್ದು ನಿಂತು ಸ್ಟೇಷನ್ ಬಂದರೆ ಕಳ್ಳ ಮನೆಯೊಳಗೇ ಇದ್ದಾನೆ, ನಿಮ್ಮ ವಾಲ್ವ್ ಸೆಟ್ಟು ನಿರಪರಾಧಿ. ಗೋಡೆಗೆ ಕಟ್ಟಿದ ಹಳೆಯ ತಾಮ್ರದ ಜಾಲರಿ ಏರಿಯಲ್ ಈಗ ಈ ಗದ್ದಲವನ್ನೇ ಹಿಡಿದು ತರುತ್ತದೆ. ಮನೆಯ ವೈರಿಂಗಿನಿಂದ ದೂರಕ್ಕೆ, ಮಾಳಿಗೆಯಿಂದ ತೆಂಗಿನ ಮರಕ್ಕೋ ಕಂಬಕ್ಕೋ 10ರಿಂದ 15 ಮೀಟರ್ ತಂತಿ ಎಳೆಯಿರಿ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಅದನ್ನು ಕಳಚಿಡುವುದು ಮರೆಯಬೇಡಿ.

ಸ್ವಿಚ್ ಏನು ಹೇಳುತ್ತದೆ

ಸೆಟ್ಟು ಬಿಸಿಯಾದ ಮೇಲೆ ಶಾರ್ಟ್ ವೇವ್‌ನಲ್ಲಿಟ್ಟು ಬ್ಯಾಂಡ್ ಸ್ವಿಚ್ಚಿನ ನಾಬ್ ಹಿಡಿದು ಅರ್ಧ ಹಲ್ಲು ಅತ್ತ, ಅರ್ಧ ಹಲ್ಲು ಇತ್ತ ಮೆಲ್ಲಗೆ ಒತ್ತಿ. ಕರಕರ ಎಂದು, ಒಂದು ಕ್ಷಣ ಸ್ಟೇಷನ್ ಮಿಂಚಿ ಹೋದರೆ ದೋಷ ಹೆಚ್ಚುಕಡಿಮೆ ಸಿಕ್ಕ ಹಾಗೆಯೇ. ದಶಕಗಟ್ಟಲೆ ಒಂದೇ ಸ್ಥಾನದಲ್ಲಿ ನಿಂತ ಸ್ವಿಚ್ ಅದು. ಮನೆಯವರು ಕೇಳಿದ್ದು ಮೀಡಿಯಂ ವೇವ್, ಹಾಗಾಗಿ ಆ ಕಾಂಟ್ಯಾಕ್ಟ್ ಉಜ್ಜಿ ಉಜ್ಜಿ ಹೊಳೆಯುತ್ತಿದೆ. ಶಾರ್ಟ್ ವೇವ್‌ನದು ಕಪ್ಪಾಗಿದೆ. ಬೆಳ್ಳಿಯ ಲೇಪದ ಮೇಲೆ ಬರುವ ಈ ಕಪ್ಪು ಮೀಟರಿನಲ್ಲಿ ಕೆಲವೇ ಓಮ್ ತೋರಿಸಬಹುದು. ಮೀಡಿಯಂ ವೇವ್ ಕಾಯಿಲಿಗೆ ಅದು ಲೆಕ್ಕಕ್ಕಿಲ್ಲ. ಬೆರಳೆಣಿಕೆ ಸುತ್ತುಗಳ ಶಾರ್ಟ್ ವೇವ್ ಕಾಯಿಲಿಗೆ ಆಸಿಲೇಶನ್ ನಿಲ್ಲಿಸಲು ಅಷ್ಟೇ ಸಾಕು.

ತೊಳೆಯಲು ಐಸೊಪ್ರೊಪೈಲ್ ಆಲ್ಕೊಹಾಲ್, ಸಣ್ಣ ಬ್ರಶ್ ಸಾಕು. ಅಥವಾ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರನ್ನು ಹತ್ತಿಯ ಕಡ್ಡಿಗೆ ಹಾಕಿ ಕಾಂಟ್ಯಾಕ್ಟಿಗೆ ಮಾತ್ರ ಮುಟ್ಟಿಸಿ, ಸ್ವಿಚ್ಚನ್ನು ಹತ್ತಿಪ್ಪತ್ತು ಸಲ ತಿರುಗಿಸಿ. ಇಡೀ ಸ್ವಿಚ್ಚಿಗೆ ಸ್ಪ್ರೇ ಸುರಿಯಬೇಡಿ. ಆ ಕಂದು ಬಣ್ಣದ ಪ್ಯಾಕ್ಸೊಲಿನ್ ಹಲಗೆ ಎಣ್ಣೆ ಕುಡಿದು, ಧೂಳು ಹಿಡಿದು, ಆಮೇಲೆ ತಾನೇ ಲೀಕ್ ಆಗಲು ಶುರು ಮಾಡುತ್ತದೆ. ಸ್ಯಾಂಡ್ ಪೇಪರ್ ಬೇಡವೇ ಬೇಡ, ಬೆಳ್ಳಿಯ ಲೇಪ ತೆಳುವಾದದ್ದು. ಮಲೆನಾಡು, ಕರಾವಳಿಯ ಸೆಟ್ಟುಗಳಲ್ಲಿ ಕಾಯಿಲ್‌ಗಳ ಮೇಲೆ ಬೂಷ್ಟು ಕಂಡರೆ ಒಣ ಬ್ರಶ್‌ನಲ್ಲಿ ಒರೆಸಿ, ಚಾಸಿಯನ್ನು ಒಂದು 60 ವಾಟ್ ಬಲ್ಬಿನ ಹತ್ತಿರ ಒಂದು ರಾತ್ರಿ ಬೆಚ್ಚಗೆ ಇಡಿ. ತೇವ ಹೀರಿದ ಕಾಯಿಲ್ ಕೂಡ ಶಾರ್ಟ್ ವೇವ್‌ನ ಕತ್ತು ಹಿಸುಕುತ್ತದೆ.

ಆಸಿಲೇಟರ್ ಬದುಕಿದೆಯೇ?

ಈ ಪ್ರಶ್ನೆಗೆ ಚಾಸಿ ಬಿಚ್ಚದೆಯೇ ಉತ್ತರ ಪಡೆಯಬಹುದು. ನಮ್ಮ ಸೆಟ್ಟುಗಳಲ್ಲಿ ಆಸಿಲೇಟರ್ ಸ್ಟೇಷನ್ನಿಗಿಂತ ಐ.ಎಫ್.ನಷ್ಟು ಮೇಲೆ ಓಡುತ್ತದೆ, ಐ.ಎಫ್. ಸಾಮಾನ್ಯವಾಗಿ 455 ಕಿಲೋಹರ್ಟ್ಸ್ ಅಥವಾ ಅದರ ಹತ್ತಿರದ್ದು. ಡಯಲ್ ಮುಳ್ಳನ್ನು 9.5 ಮೆಗಾಹರ್ಟ್ಸ್‌ಗೆ ಇಡಿ. ಪಕ್ಕದಲ್ಲಿ ಡಿಜಿಟಲ್ ಡಯಲ್‌ನ ಶಾರ್ಟ್ ವೇವ್ ರೇಡಿಯೋ ಇಟ್ಟು 9.955 ಮೆಗಾಹರ್ಟ್ಸ್ ಸುತ್ತಮುತ್ತ ಹುಡುಕಿ. ಆಸಿಲೇಟರ್ ನಡೆಯುತ್ತಿದ್ದರೆ ಒಂದು ಜಾಗದಲ್ಲಿ ಆ ರೇಡಿಯೋದ ಸುಂಯ್ ಸದ್ದು ಥಟ್ಟನೆ ಅಡಗುತ್ತದೆ. ಅಲ್ಲಿ ಮೊದಲೇ ಯಾವುದಾದರೂ ಸ್ಟೇಷನ್ ಇದ್ದರೆ ಸೀಟಿ ಹೊಡೆಯುತ್ತದೆ. ವಾಲ್ವ್ ಸೆಟ್ಟಿನ ಟ್ಯೂನಿಂಗ್ ತಿರುಗಿಸಿದರೆ ಆ ಜಾಗವೂ ಸರಿಯಬೇಕು. ಡಯಲ್‌ನ ಈ ತುದಿಯಿಂದ ಆ ತುದಿಯವರೆಗೆ ಹೀಗೆ ಹಿಂಬಾಲಿಸಿ. ಎಲ್ಲಿ ಕಳೆದುಹೋಗುತ್ತದೋ ಅಲ್ಲಿ ಆಸಿಲೇಟರ್ ಸತ್ತಿದೆ.

ಅದು ಸಾಯುವುದು ಸಾಧಾರಣವಾಗಿ ಡಯಲ್‌ನ ಕೆಳತುದಿಯಲ್ಲಿ, ಅಂದರೆ ಟ್ಯೂನಿಂಗ್ ನಾಬ್ ತಿರುಗಿಸುವ ಗ್ಯಾಂಗ್ ಕಂಡೆನ್ಸರಿನ ಎಲೆಗಳು ಪೂರ್ತಿ ಒಳಗೆ ಹೋದಾಗ. ಕೆಪಾಸಿಟಿ ಹೆಚ್ಚಿದಂತೆ ಆ ಟ್ಯೂನ್ಡ್ ಸರ್ಕ್ಯೂಟಿನ ಇಂಪಿಡೆನ್ಸ್ ಇಳಿಯುತ್ತದೆ, ವಾಲ್ವಿಗೆ ಹೊರೆ ಹೆಚ್ಚುತ್ತದೆ. ‘19 ಮೀಟರ್ ಬರುತ್ತದೆ, 41 ಬರುವುದಿಲ್ಲ’ ಎನ್ನುವ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ.

ಇನ್ನು ಮೀಟರ್. ಆಸಿಲೇಟರ್ ನಡೆಯುವಾಗ ತನ್ನ ಗ್ರಿಡ್ಡಿನಲ್ಲಿ ತಾನೇ ನೆಗೆಟಿವ್ ವೋಲ್ಟೇಜ್ ಹುಟ್ಟಿಸಿಕೊಳ್ಳುತ್ತದೆ. ಎಷ್ಟು ಜೋರಾಗಿ ನಡೆಯುತ್ತಿದೆಯೋ ಅಷ್ಟು ಹೆಚ್ಚು ವೋಲ್ಟೇಜ್. ಇಸಿಎಚ್ 81ರಲ್ಲಿ ಟ್ರಯೋಡ್ ಗ್ರಿಡ್ 9ನೇ ಪಿನ್. ಹೊರಗಿನಿಂದ ಅದು ಅದೇ ವಾಲ್ವಿನ ಮಿಕ್ಸರ್ ಭಾಗವಾದ ಹೆಪ್ಟೋಡಿನ 7ನೇ ಪಿನ್ನಿಗೆ ಸೇರಿರುತ್ತದೆ. ಡೇಟಾ ಶೀಟಿನ ಲೆಕ್ಕದಂತೆ 47 ಕಿಲೋ ಓಮ್ ಗ್ರಿಡ್ ಲೀಕ್ ರೆಸಿಸ್ಟರಿನಲ್ಲಿ 200 ಮೈಕ್ರೋ ಆಂಪಿಯರ್, ಅಂದರೆ ಸುಮಾರು ಮೈನಸ್ 9 ವೋಲ್ಟ್. ಮೀಟರಿನ ಪ್ರೋಬನ್ನು ನೇರವಾಗಿ ಗ್ರಿಡ್‌ಗೆ ಇಟ್ಟರೆ ತಂತಿಯ ಕೆಪಾಸಿಟಿಗೇ ಆಸಿಲೇಟರ್ ನಿಂತುಬಿಡಬಹುದು. ಪ್ರೋಬಿನ ತುದಿಗೆ 1 ಮೆಗ್ ಓಮ್ ರೆಸಿಸ್ಟರ್ ಬೆಸೆದು ಅದರ ಇನ್ನೊಂದು ಕಾಲನ್ನು ಪಿನ್‌ಗೆ ಮುಟ್ಟಿಸಿ. 10 ಮೆಗ್ ಓಮ್ ಒಳತಡೆಯ ಡಿಜಿಟಲ್ ಮೀಟರ್ ಆಗ ಹತ್ತನೇ ಒಂದು ಭಾಗದಷ್ಟು ಕಡಿಮೆ ತೋರಿಸುತ್ತದೆ, ಅದರಿಂದ ತೊಂದರೆಯಿಲ್ಲ. ಮೈನಸ್ ಪ್ರೋಬ್ ಚಾಸಿಗೆ.

ಮೊದಲು ಮೀಡಿಯಂ ವೇವ್‌ನಲ್ಲಿ ಅಳೆದು ಬರೆದುಕೊಳ್ಳಿ. ಆಮೇಲೆ ಶಾರ್ಟ್ ವೇವ್‌ಗೆ ಹಾಕಿ ಟ್ಯೂನಿಂಗನ್ನು ತುದಿಯಿಂದ ತುದಿಗೆ ನಿಧಾನ ತಿರುಗಿಸುತ್ತ ಮೀಟರ್ ನೋಡಿ. ಡಯಲ್ ಉದ್ದಕ್ಕೂ ಒಂದೇ ರೀಡಿಂಗ್ ಇರಬೇಕಿಲ್ಲ. ಮೇಲ್ತುದಿಯಲ್ಲಿ ಮೈನಸ್ 9, ಕೆಳತುದಿಯಲ್ಲಿ ಮೈನಸ್ 5 ಇದ್ದರೂ ಆರೋಗ್ಯವೇ. ಮೈನಸ್ 2ನ್ನು ದಾಟಿ ಸೊನ್ನೆಯ ಕಡೆಗೆ ಸರಿದರೆ ರಿಸೆಪ್ಷನ್ ಸೊರಗುತ್ತದೆ, ಸೊನ್ನೆಯಾದಲ್ಲಿ ಸ್ಟೇಷನ್ ಇಲ್ಲ. ಮಿಕ್ಸರ್ ಆಗಿ 6ಬಿಇ6 ಇರುವ ಸೆಟ್ಟಿನಲ್ಲಿ ಇದನ್ನೇ 1ನೇ ಪಿನ್‌ನಲ್ಲಿ ನೋಡಬೇಕು.

ಸಾಗರದ ಕಡೆಯ ಒಂದು ಮನೆಯ ಸೆಟ್ಟಿನಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳುತ್ತೇನೆ, ಅಂಕಿಗಳು ಹೇಗೆ ಮಾತಾಡುತ್ತವೆ ಎಂದು ತೋರಿಸಲು. ತೇಗದ ಪೆಟ್ಟಿಗೆ, ಟ್ಯೂನಿಂಗ್ ಎಷ್ಟು ಸರಿಯಿದೆ ಎಂದು ತೋರಿಸುವ ಹಸಿರು ಮ್ಯಾಜಿಕ್ ಐ, ಶಾರ್ಟ್ ವೇವ್ 6ರಿಂದ 18 ಮೆಗಾಹರ್ಟ್ಸ್. ಮೀಡಿಯಂ ವೇವ್‌ನಲ್ಲಿ ಗ್ರಿಡ್ ಮೈನಸ್ 8. ಶಾರ್ಟ್ ವೇವ್ 18ರಲ್ಲಿ ಮೈನಸ್ 6, 12ರಲ್ಲಿ ಮೈನಸ್ 4, 9ರ ಹತ್ತಿರ ಮೈನಸ್ 1.5. 8ನ್ನು ದಾಟುತ್ತಿದ್ದಂತೆ ಮೀಟರ್ ಸೊನ್ನೆಗೆ ಬಿತ್ತು, ಅದೇ ಕ್ಷಣ ಸ್ಪೀಕರಿನ ಸದ್ದೂ ಬಾಗಿಲು ಮುಚ್ಚಿದಂತೆ ಅಡಗಿತು. ಟ್ರಯೋಡಿನ ಆನೋಡ್ ಆದ 8ನೇ ಪಿನ್ ಅಳೆದರೆ 55 ವೋಲ್ಟ್. 250 ವೋಲ್ಟ್ ಎಚ್.ಟಿ.ಯಿಂದ 33 ಕಿಲೋ ಓಮ್ ಮೂಲಕ 4.5 ಮಿಲಿ ಆಂಪಿಯರ್ ಹರಿದರೆ ಅಲ್ಲಿ 100 ವೋಲ್ಟಿನ ಸುತ್ತಮುತ್ತ ಇರಬೇಕಿತ್ತು. ಎಚ್.ಟಿ. ಸರಿಯಾಗಿಯೇ ಇತ್ತು. ಸೆಟ್ ಆಫ್ ಮಾಡಿ, ಡಿಸ್‌ಚಾರ್ಜ್ ಮಾಡಿ, ಆ ಆನೋಡ್ ರೆಸಿಸ್ಟರಿನ ಒಂದು ಕಾಲು ಬಿಡಿಸಿ ಅಳೆದರೆ ಕಿತ್ತಳೆ, ಕಿತ್ತಳೆ, ಕಿತ್ತಳೆ ಪಟ್ಟಿಯ 33 ಕಿಲೋ ಓಮ್ ರೆಸಿಸ್ಟರ್ 58 ಕಿಲೋ ಓಮ್ ಆಗಿತ್ತು. ಮೈಮೇಲೆ ಸುಟ್ಟ ಗುರುತು ಕೂಡ ಇರಲಿಲ್ಲ. ಹಳೆಯ ಕಾರ್ಬನ್ ರೆಸಿಸ್ಟರುಗಳು ಬಿಸಿಗೆ, ತೇವಕ್ಕೆ ಹೀಗೆ ಸದ್ದಿಲ್ಲದೆ ಏರುತ್ತವೆ. ಅಲ್ಲಿ ಖರ್ಚಾಗುವುದೇ ಮುಕ್ಕಾಲು ವಾಟಿನ ಹತ್ತಿರ, ಆದ್ದರಿಂದ ಹೊಸದು 2 ವಾಟ್‌ನದೇ ಇರಲಿ.

ರೆಸಿಸ್ಟರ್ ಬದಲಿಸಿದ ಮೇಲೆ 18ರಲ್ಲಿ ಮೈನಸ್ 9, ಕೆಳತುದಿಯಲ್ಲಿ ಮೈನಸ್ 4. ಆದರೂ 41 ಮೀಟರಿನಲ್ಲಿ ಮೀಟರ್ ಮುಳ್ಳು ನಡುಗುತ್ತಿತ್ತು. ಸ್ವಿಚ್ಚನ್ನು ಪಕ್ಕಕ್ಕೆ ಒತ್ತಿದರೆ ನಿಲ್ಲುತ್ತಿತ್ತು. ಆಸಿಲೇಟರ್ ಕಾಯಿಲಿನ ಕಾಂಟ್ಯಾಕ್ಟ್ ತೊಳೆದಾಗ ಅದೂ ನಿಂತಿತು. ಒಂದು ಸೆಟ್ಟಿನಲ್ಲಿ ಒಂದೇ ದೋಷ ಇರಬೇಕೆಂದಿಲ್ಲ. ಎರಡು ಅರೆ ದೋಷಗಳು ಸೇರಿ ಒಂದು ಪೂರ್ತಿ ದೋಷ ಆಗುವುದೇ ಹೆಚ್ಚು. ಒಂದನ್ನು ಸರಿಪಡಿಸಿದ ಮೇಲೆ ಮತ್ತೆ ಅಳೆಯಬೇಕು ಎನ್ನುವುದು ಇದಕ್ಕೇ.

ಗ್ರಿಡ್ ವೋಲ್ಟೇಜ್ ಕಡಿಮೆ ಇದ್ದು ಆನೋಡ್ ರೆಸಿಸ್ಟರ್ ಸರಿಯಿದ್ದರೆ ಮುಂದಿನ ಅನುಮಾನ ವಾಲ್ವಿನ ಮೇಲೆ. ಸವೆದ ಟ್ರಯೋಡ್ ಮೀಡಿಯಂ ವೇವ್‌ನಲ್ಲಿ ವರ್ಷಗಟ್ಟಲೆ ನಡೆಯುತ್ತದೆ, ಶಾರ್ಟ್ ವೇವ್‌ನಲ್ಲಿ ಮೊದಲು ಸೋಲುತ್ತದೆ. ಚಾಲ್ತಿಯಲ್ಲಿರುವ ಇನ್ನೊಂದು ಇಸಿಎಚ್ 81 ಹಾಕಿ ಅದೇ ಅಳತೆ ಮತ್ತೆ ತೆಗೆದುಕೊಳ್ಳಿ. 6ಎಜೆ8 ಎಂದು ಬರೆದಿದ್ದರೂ ಅದೇ ವಾಲ್ವು. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಶುರು ಮಾಡಿತು. ನಮ್ಮ ಕಡೆಯ ಹಳೆಯ ರಿಪೇರಿ ಅಂಗಡಿಗಳ ಡ್ರಾಯರುಗಳಲ್ಲಿ, ಎಸ್.ಪಿ. ರಸ್ತೆಯ ಹಳೆ ಸಾಮಾನಿನ ರಾಶಿಗಳಲ್ಲಿ ಆ ಮುದ್ರೆಯ ವಾಲ್ವುಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಕಂಡರೆ ತೆಗೆದಿಟ್ಟುಕೊಳ್ಳಿ, ಒಳ್ಳೆಯ ವಾಲ್ವುಗಳು ಅವು. ಎಸಿ/ಡಿಸಿ ಸೆಟ್ಟಿಗೆ ಯುಸಿಎಚ್ 81ನ್ನೇ ಹಾಕಬೇಕು. ಇಸಿಎಚ್ ಹಾಕಿದರೆ ಹೀಟರ್ ಲೆಕ್ಕವೇ ತಪ್ಪುತ್ತದೆ.

ವಾಲ್ವೂ ಸರಿಯಾದರೆ ಗ್ರಿಡ್ಡಿಗೆ ಹೋಗುವ 50 ಪಿಎಫ್ ಆಸುಪಾಸಿನ ಕಪ್ಲಿಂಗ್ ಕಂಡೆನ್ಸರ್ ನೋಡಿ. ಅನುಮಾನ ಬಂದರೆ ಸಿಲ್ವರ್ ಮೈಕಾ ಅಥವಾ ಎನ್‌ಪಿಓ ಸಿರಾಮಿಕ್ ಹಾಕಿ, ಸಾಧಾರಣ ಬಿಲ್ಲೆ ಸಿರಾಮಿಕ್ ಬೇಡ, ಬಿಸಿಗೆ ಸ್ಟೇಷನ್ ಜಾರುತ್ತದೆ. ಶಾರ್ಟ್ ವೇವ್ ಪ್ಯಾಡರ್ ಇರುವ ಸೆಟ್ಟಿನಲ್ಲಿ ಅದನ್ನೂ ಅಳೆಯಿರಿ. ಕಡೆಯದಾಗಿ ಕಾಯಿಲ್. ತಂತಿ ಕಾಯಿಲಿನ ಟ್ಯಾಗಿಗೆ ಸೇರುವಲ್ಲಿ ಹಸಿರು ಕಿಲುಬು ಹಿಡಿದು ತುಂಡಾಗಿರುವುದು ಭೂತಗನ್ನಡಿಯಲ್ಲಿ ಕಾಣುತ್ತದೆ. ಮೀಟರಿನಲ್ಲಿ ಶಾರ್ಟ್ ವೇವ್ ಕಾಯಿಲ್ ಎಂದರೆ ಒಂದು ಓಮಿಗಿಂತ ಕಡಿಮೆ, ಹೆಚ್ಚುಕಡಿಮೆ ಶಾರ್ಟ್ ಆದಂತೆಯೇ ತೋರಬೇಕು.

ಆಸಿಲೇಟರ್ ಚೆನ್ನಾಗಿದೆ, ಆದರೂ ಕಿವುಡು

ಹಾಗಾದರೆ ಸಿಗ್ನಲ್ ಮಿಕ್ಸರಿಗೆ ತಲುಪುತ್ತಿಲ್ಲ. ಖಚಿತಪಡಿಸಿಕೊಳ್ಳಲು ಒಂದು ಉಪಾಯ: ನಾಲ್ಕೈದು ಮೀಟರ್ ಇನ್ಸುಲೇಟೆಡ್ ತಂತಿಯ ತುದಿಗೆ 100 ಪಿಎಫ್, 1 ಕಿಲೋವೋಲ್ಟ್ ಕಂಡೆನ್ಸರ್ ಬೆಸೆದು, ಅದರ ಇನ್ನೊಂದು ಕಾಲನ್ನು ಇಸಿಎಚ್ 81ರ 2ನೇ ಪಿನ್ನಿಗೆ ಮುಟ್ಟಿಸಿ. ಎಸಿ/ಡಿಸಿ ಸೆಟ್ಟಾದರೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇದ್ದಾಗ ಮಾತ್ರ ಇದನ್ನು ಮಾಡಿ. ಸತ್ತಂತಿದ್ದ ಡಯಲ್‌ನಲ್ಲಿ ಸ್ಟೇಷನ್ನುಗಳು ಒಂದರ ಮೇಲೊಂದು ಬಿದ್ದು ಗದ್ದಲ ಎಬ್ಬಿಸಿದರೆ ಮಿಕ್ಸರಿನಿಂದ ಮುಂದೆ ಎಲ್ಲ ಸರಿ. ದೋಷ ಏರಿಯಲ್ ಸಾಕೆಟ್ಟಿನಿಂದ ಆ ಪಿನ್ನಿನವರೆಗೆ ಎಲ್ಲೋ ಇದೆ.

ಅಲ್ಲಿ ಮೊದಲು ನೋಡಬೇಕಾದ್ದು ಶಾರ್ಟ್ ವೇವ್ ಏರಿಯಲ್ ಕಾಯಿಲಿನ ಪ್ರೈಮರಿ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಕೂದಲಿನಂಥ ಆ ತಂತಿ ಸುಟ್ಟುಹೋಗುತ್ತದೆ. ಮೀಡಿಯಂ ವೇವ್ ಪ್ರೈಮರಿ ಬೇರೆ ಇರುವುದರಿಂದ ಅದು ಉಳಿದುಕೊಂಡಿರುತ್ತದೆ. ಓಪನ್ ಎಂದು ತೋರಿದರೆ ಸುತ್ತು ಎಣಿಸಿ, ಅಷ್ಟೇ ದಪ್ಪದ ಎನಾಮಲ್ ತಂತಿಯಲ್ಲಿ ಅದೇ ಜಾಗಕ್ಕೆ ಅಷ್ಟೇ ಸುತ್ತು ಸುತ್ತಿ. ಕೆಲವೇ ಸುತ್ತುಗಳ ಕೆಲಸ, ಹೆದರಬೇಕಾಗಿಲ್ಲ. ಎಸಿ/ಡಿಸಿ ಸೆಟ್ಟಿನಲ್ಲಿ ಏರಿಯಲ್ ಸಾಕೆಟ್ಟಿಗೂ ಕಾಯಿಲಿಗೂ ನಡುವೆ ಒಂದು ತಡೆ ಕಂಡೆನ್ಸರ್ ಇರುತ್ತದೆ. ಅದು ಓಪನ್ ಆದರೆ ರೇಡಿಯೋ ಕಿವುಡಾಗುತ್ತದೆ, ಲೀಕ್ ಆದರೆ ಮಾಳಿಗೆಯ ಏರಿಯಲ್ ತಂತಿಯೇ ಶಾಕ್ ಹೊಡೆಯುತ್ತದೆ. ಚೆನ್ನಾಗಿ ಕಂಡರೂ ಅದನ್ನು ತೆಗೆದು ಮೇನ್ಸ್ ಸುರಕ್ಷತೆಗೆಂದೇ ಇರುವ ವೈ1 ದರ್ಜೆಯ ಹೊಸ ಕಂಡೆನ್ಸರ್ ಹಾಕಿಬಿಡಿ. ಪೆಟ್ಟಿಗೆಯಲ್ಲಿ ಹಳೆಯದೇ ಉಳಿಯಲಿ ಎನ್ನುವ ಆಸೆ ನನಗೂ ಇದೆ, ಆದರೆ ಈ ಒಂದು ಕಂಡೆನ್ಸರಿನ ವಿಷಯದಲ್ಲಿ ಇಲ್ಲ.

ಸ್ಟೇಷನ್ ಬರುತ್ತದೆ, ಜಾಗ ತಪ್ಪಿದೆ

31 ಮೀಟರಿನ ಸ್ಟೇಷನ್ ಇನ್ನೆಲ್ಲೋ ಸಿಗುತ್ತಿದ್ದರೆ ಮೊದಲು ಡಯಲ್ ದಾರ ಜಾರಿದೆಯೇ ನೋಡಿ. ಗ್ಯಾಂಗ್ ಪೂರ್ತಿ ಮುಚ್ಚಿದಾಗ ಮುಳ್ಳು ಕೊನೆಯ ಗೆರೆಗೆ ಬರಬೇಕು. ಅದು ಸರಿಯಿದ್ದೂ ಒಂದೇ ಸ್ಟೇಷನ್ ಎರಡು ಜಾಗದಲ್ಲಿ, 910 ಕಿಲೋಹರ್ಟ್ಸ್ ಅಂತರದಲ್ಲಿ ಬಂದರೆ ಒಂದು ನಿಜ, ಇನ್ನೊಂದು ಇಮೇಜ್, ಅಂದರೆ ಐ.ಎಫ್.ನ ಎರಡರಷ್ಟು ದೂರದಲ್ಲಿ ಕೇಳುವ ಅದರ ನೆರಳು. 9.5 ಮೆಗಾಹರ್ಟ್ಸ್‌ನ ಸ್ಟೇಷನ್ 8.59ರಲ್ಲೂ ಕೇಳುತ್ತದೆ. ಈ ಜಾತಿಯ ಸೆಟ್ಟಿನಲ್ಲಿ ಜೋರಾದ ಸ್ಟೇಷನ್ನಿನ ಇಮೇಜ್ ಸ್ವಲ್ಪ ಕೇಳುವುದು ಸಹಜ. ನಿಜಕ್ಕಿಂತ ಇಮೇಜೇ ಜೋರಾಗಿದ್ದರೆ ಹಿಂದೆ ಯಾರೋ ಟ್ರಿಮ್ಮರನ್ನು ತಪ್ಪು ಶಿಖರಕ್ಕೆ ಕೂರಿಸಿದ್ದಾರೆ.

ಈಗ, ಈಗ ಮಾತ್ರ, ಸ್ಕ್ರೂ ತಿರುಗಿಸುವ ಸಮಯ. ಸೆಟ್ಟು ಅರ್ಧ ಗಂಟೆ ಬಿಸಿಯಾಗಲಿ. ಪ್ರತಿ ಟ್ರಿಮ್ಮರಿನ ಈಗಿನ ಸ್ಥಾನವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಫೋಟೋ ತೆಗೆದಿಡಿ. ಡಯಲ್‌ನ ಕೆಳತುದಿಯನ್ನು ಆಸಿಲೇಟರ್ ಕಾಯಿಲಿನ ಕೋರಿನಿಂದ, ಮೇಲ್ತುದಿಯನ್ನು ಟ್ರಿಮ್ಮರಿನಿಂದ ಸರಿಪಡಿಸಬೇಕು. ಒಂದು ಇನ್ನೊಂದನ್ನು ಕದಲಿಸುವುದರಿಂದ ಮೂರು ನಾಲ್ಕು ಸುತ್ತು ಬೇಕಾಗುತ್ತದೆ. ಆಸಿಲೇಟರ್ ಟ್ರಿಮ್ಮರ್ ತಿರುಗಿಸುವಾಗ ಸ್ಟೇಷನ್ ಎರಡು ಸ್ಥಾನಗಳಲ್ಲಿ ಬರುತ್ತದೆ. ಸ್ಕ್ರೂ ಹೆಚ್ಚು ಸಡಿಲವಾಗಿರುವ, ಅಂದರೆ ಕಡಿಮೆ ಕೆಪಾಸಿಟಿಯ ಸ್ಥಾನವೇ ಸರಿ. ಆಮೇಲೆ ಏರಿಯಲ್ ಟ್ರಿಮ್ಮರ್. ಶಾರ್ಟ್ ವೇವ್‌ನಲ್ಲಿ ಅದು ಆಸಿಲೇಟರನ್ನೂ ಸ್ವಲ್ಪ ಎಳೆಯುತ್ತದೆ. ಒಂದು ಕೈಯಲ್ಲಿ ಟ್ಯೂನಿಂಗ್ ನಾಬನ್ನು ಅತ್ತಿತ್ತ ಆಡಿಸುತ್ತ ಇನ್ನೊಂದು ಕೈಯಲ್ಲಿ ಟ್ರಿಮ್ಮರ್ ತಿರುಗಿಸಿ, ಮ್ಯಾಜಿಕ್ ಐ ಅತಿ ಹೆಚ್ಚು ಮುಚ್ಚುವಲ್ಲಿ ನಿಲ್ಲಿಸಿ. ಪ್ಲಾಸ್ಟಿಕ್ಕಿನ ಅಲೈನ್‌ಮೆಂಟ್ ಕಡ್ಡಿಯನ್ನೇ ಬಳಸಿ. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ಬಂದರೇ ಟ್ಯೂನಿಂಗ್ ಕದಲುತ್ತದೆ. ಮೇಣ ಹಿಡಿದು ಕೂತ ಕೋರ್ ತಿರುಗದಿದ್ದರೆ ಬಲ ಹಾಕಬೇಡಿ, ಒಡೆದರೆ ಆ ಕಾಯಿಲ್ ಹೋಯಿತು. ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ಮೇಣ ಮೆತ್ತಗಾದ ಮೇಲೆ ತಿರುಗಿಸಿ.

ಕೂಗು ಮತ್ತು ಜಾರುವಿಕೆ

ಶಾರ್ಟ್ ವೇವ್‌ನಲ್ಲಿ ಜೋರಾದ ಸ್ಟೇಷನ್ ಹಿಡಿದು ವಾಲ್ಯೂಮ್ ಏರಿಸುತ್ತಿದ್ದಂತೆ ‘ಊಂ...’ ಎಂದು ಕೂಗು ಏಳುವುದುಂಟು, ಮೀಡಿಯಂ ವೇವ್‌ನಲ್ಲಿ ಅದೇ ವಾಲ್ಯೂಮಿಗೆ ಏನೂ ಇಲ್ಲ. ಕಂಡೆನ್ಸರ್ ಬದಲಿಸುತ್ತ ಕೂರಬೇಡಿ. ಸ್ಪೀಕರಿನ ಕಂಪನಕ್ಕೆ ಗ್ಯಾಂಗಿನ ಎಲೆಗಳು ಅದುರುತ್ತಿವೆ, ಅದರ ಜೊತೆ ಆಸಿಲೇಟರ್ ಫ್ರೀಕ್ವೆನ್ಸಿಯೂ ಅದುರುತ್ತಿದೆ. ತಯಾರಕರು ಇದಕ್ಕೇ ಗ್ಯಾಂಗನ್ನು ರಬ್ಬರ್ ಗ್ರಾಮೆಟ್‌ಗಳ ಮೇಲೆ ತೇಲಿಸಿದ್ದರು. ನಮ್ಮ ಬಿಸಿಲಿಗೆ ಆ ರಬ್ಬರು ಕಲ್ಲಾಗಿರುತ್ತದೆ, ಇಲ್ಲವೇ ಅಂಟಾಗಿ ಕರಗಿ ಗ್ಯಾಂಗ್ ಚಾಸಿಗೇ ಕೂತಿರುತ್ತದೆ. ಹೊಸ ಮೆತ್ತನೆ ಗ್ರಾಮೆಟ್ ಹಾಕಿ, ಗ್ಯಾಂಗಿನ ಸ್ಕ್ರೂಗಳನ್ನು ಪೂರ್ತಿ ಬಿಗಿಯಬೇಡಿ. ಚಾಸಿಯೇ ಪೆಟ್ಟಿಗೆಗೆ ಕೂರುವ ಜಾಗದ ರಬ್ಬರ್ ವಾಷರುಗಳನ್ನೂ ಬದಲಿಸಿ. ಗ್ಯಾಂಗಿನ ಅರ್ಥ್ ಜಡೆ ತಂತಿ ತುಂಡಾಗಿಲ್ಲವೆಂದು ಅದೇ ಹೊತ್ತಿಗೆ ನೋಡಿಬಿಡಿ.

ಆನ್ ಮಾಡಿದ ಮೊದಲ ಕಾಲು ಗಂಟೆಯಲ್ಲಿ ಸ್ಟೇಷನ್ ನಿಧಾನವಾಗಿ ಜಾರುವುದು ಈ ಸೆಟ್ಟುಗಳ ಸ್ವಭಾವ. ಅದಾದ ಮೇಲೂ ಜಾರುತ್ತಿದ್ದರೆ, ಸೋಲ್ಡರಿಂಗ್ ಐರನ್ನಿನ ತುದಿಯನ್ನು ಆಸಿಲೇಟರಿನ ಒಂದೊಂದು ಕಂಡೆನ್ಸರಿನ ಹತ್ತಿರ, ಮುಟ್ಟಿಸದೆ, ಕೆಲವು ಸೆಕೆಂಡು ಹಿಡಿಯಿರಿ. ಯಾವುದರ ಬಳಿ ಹಿಡಿದಾಗ ಸ್ಟೇಷನ್ ಓಡುತ್ತದೋ ಅದನ್ನು ಬದಲಿಸಿ. ಜಾರದೆ ಥಟ್ ಥಟ್ ಎಂದು ಜಿಗಿಯುತ್ತಿದ್ದರೆ ಕಂಡೆನ್ಸರಿಗಿಂತ ಮೊದಲು ವಾಲ್ವಿನ ಪಿನ್, ಸಾಕೆಟ್ ತೊಳೆಯಿರಿ. ಬ್ಯಾಂಡ್ ಸ್ವಿಚ್ಚನ್ನೂ ಇನ್ನೊಮ್ಮೆ ನೋಡಿ.